ಮರದ ಆಟಿಕೆ, ಒಂದು

ಮಸಿನಗುಡಿ
3 ಮಾರ್ಚ್ 2025

ಗೋಪಾಲನ್ ಅವರಿಗೆ ವಸಂತಿಯ ನಮಸ್ಕಾರ.

ನಾನು ಯಾರು ಅಂತ ನಿಮಗೆ ಗೊತ್ತಿರಲಿಕ್ಕಿಲ್ಲ. ಹುಬ್ಬತಲೈಯ ಸುಧಾಕರನ್ ನನ್ನ ಗಂಡ. ಜನವರಿ ಇಪ್ಪತ್ತೊಂದಕ್ಕೆ ತೀರಿಕೊಂಡರು. ಇಲ್ಲಿ ಸಫಾರಿ ಜೀಪು ಓಡಿಸುತ್ತಿದ್ದರು. ಅವತ್ತು ಸಫಾರಿ ಮುಗಿಸಿ ಜೀಪಿನಿಂದ ಇಳಿದವರು ಎದೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತರು. ಊಟಿ ಆಸ್ಪತ್ರೆ ತಲುಪುವಷ್ಟು ಹೊತ್ತೂ ಕೊಡಲಿಲ್ಲ. ಹುಬ್ಬತಲೈಯಲ್ಲಿರುವ ಅವರ ಅಣ್ಣ ಜಯರಾಮನ್‌ಗೆ ಫೋನ್ ಮಾಡಿಸಿದೆ. ಮಣ್ಣಿಗೂ ಬರಲಿಲ್ಲ. ಫ್ಯಾಕ್ಟರಿ ಕೆಲಸದ ಕಾಲದಲ್ಲಿ ಮನೆಯವರ ಜೊತೆ ಏನೋ ಆಯಿತು, ಊರು ಬಿಟ್ಟೆ ಅಂತಷ್ಟೇ ಇವರು ನನಗೆ ಹೇಳಿದ್ದು.

ನಿಮಗೆ ಬರೆಯುತ್ತಿರುವ ಕಾರಣ ಬೇರೆ. ಮೊನ್ನೆ ಚೆನ್ನೈ ಕಸ್ಟಮ್ಸ್‌ನಿಂದ ಇವರ ಹೆಸರಿಗೆ ಒಂದು ನೋಟೀಸು ಬಂದಿದೆ. ಚೀನಾದಿಂದ ಒಂದು ಪಾರ್ಸೆಲ್ ಬಂದಿದೆಯಂತೆ, ಅದರಲ್ಲಿ ಎಲೆಕ್ಟ್ರಿಕ್ ಗಿಟಾರ್ ಇದೆಯಂತೆ. ಪಾರ್ಸೆಲ್ ತರಿಸಿದವರು ತಾವೇ ಬಂದು ಅಥವಾ ಬರೆದು ವಿವರ ಕೊಡಬೇಕಂತೆ.

ಗೋಪಾಲನ್ ಅವರೇ, ನನ್ನ ಗಂಡ ಮದುವೆಯಾದ ಹದಿನೆಂಟು ವರ್ಷದಲ್ಲಿ ಒಂದು ದಿನ ಹಾಡು ಕೇಳಿದವರಲ್ಲ. ಟಿವಿಯಲ್ಲಿ ಹಾಡು ಬಂದರೆ ಎದ್ದು ದನ ನೋಡುವ ನೆಪದಲ್ಲಿ ಹೊರಗೆ ಹೋಗುತ್ತಿದ್ದರು. ಅವರು ಗಿಟಾರ್ ತರಿಸಿದ್ದಾರೆ ಅಂದರೆ ನಾನು ಏನು ಅಂದುಕೊಳ್ಳಲಿ? ಯಾರಿಗೆ ತರಿಸಿದರು? ಹೆಂಗಸರ ಮನಸ್ಸು ಎಲ್ಲೆಲ್ಲಿಗೆ ಹೋಗುತ್ತದೆ ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಅವರ ಪೆಟ್ಟಿಗೆಯಲ್ಲಿ ಒಂದು ಹಳೇ ಫೋಟೋ ಸಿಕ್ಕಿತು. ಇವರು ಡ್ರಮ್ ಮುಂದೆ ಕೂತಿದ್ದಾರೆ, ಪಕ್ಕದಲ್ಲಿ ಒಬ್ಬರು ಗಿಟಾರ್ ಹಾಕಿಕೊಂಡು ನಿಂತಿದ್ದಾರೆ. ಹಿಂದೆ ನಿಮ್ಮ ಹೆಸರು, ಕೂಕಲ್ತೊರೈ ವಿಳಾಸ. ನಿಮಗೆ ಏನಾದರೂ ಗೊತ್ತಿದ್ದರೆ ಮುಚ್ಚಿಡದೆ ತಿಳಿಸಿ. ಫೋನ್ ನಂಬರ್ ಇದ್ದರೆ ಬರೆಯಿರಿ.

ವಸಂತಿ


ಕೂಕಲ್ತೊರೈ
11 ಮಾರ್ಚ್ 2025

ವಸಂತಿಯವರಿಗೆ ನಮಸ್ಕಾರ.

ನಿಮ್ಮ ಕಾಗದ ಬಂತು. ಸುಧಾಕರನ್ ಹೋದ ವಿಷಯ ನನಗೆ ಅದರಿಂದಲೇ ತಿಳಿದದ್ದು. ಏನು ಬರೆಯಬೇಕು ಅಂತ ಎರಡು ದಿನ ಕೂತೆ.  ನಮ್ಮ ಮನೆಮಾತು ಬಡಗ. ಕನ್ನಡ ಬರೆಯುವುದನ್ನು ಗುಂಡ್ಲುಪೇಟೆಯ ಹಾಸ್ಟೆಲಿನಲ್ಲಿ ನಾನೂ ಅವನೂ ಒಂದೇ ಬೆಂಚಿನಲ್ಲಿ ಕೂತು ಕಲಿತೆವು. ತಪ್ಪಿದ್ದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಗಿಟಾರಿನ ವಿಷಯ ನನಗೆ ಗೊತ್ತಿಲ್ಲ. ನಾವಿಬ್ಬರೂ ಮಾತಾಡಿ ಇಪ್ಪತ್ತೆರಡು ವರ್ಷವಾಯಿತು. ಸಫಾರಿಗೆ ಬಂದವರು ಯಾರಾದರೂ ಅವನ ವಿಳಾಸ ಕೊಟ್ಟು ತರಿಸಿರಬಹುದು. ನೀವು ಕೆಟ್ಟದಾಗಿ ಯೋಚಿಸಬೇಡಿ. ಅವನು ಅಂಥವನಲ್ಲ.

ನನ್ನ ಮಾತು ಕೇಳುವುದಾದರೆ ಪಾರ್ಸೆಲ್ ಬಿಟ್ಟುಬಿಡಿ. ಕಸ್ಟಮ್ಸ್ ಅಂದರೆ ಅಲೆದಾಟ. ಉತ್ತರ ಕೊಡದಿದ್ದರೆ ಅವರೇ ಏನಾದರೂ ಮಾಡುತ್ತಾರೆ.

ಫೋನಿನಲ್ಲಿ ನನಗೆ ಮಾತು ಬರುವುದಿಲ್ಲ. ಕಾಗದವೇ ಇರಲಿ.

ಗೋಪಾಲನ್


ಮಸಿನಗುಡಿ
19 ಮಾರ್ಚ್ 2025

ಗೋಪಾಲಣ್ಣನಿಗೆ ನಮಸ್ಕಾರ. ಅಣ್ಣ ಅನ್ನಬಹುದು ತಾನೆ? ಒಂದೇ ಬೆಂಚು ಅಂದಿರಿ.

ಬಿಟ್ಟುಬಿಡಿ ಅಂದಿರಿ, ಆಗಲಿಲ್ಲ. ಇಲ್ಲಿ ತೇನ್ಮೊಳಿ ಅಂತ ಒಬ್ಬಳು ಜೆರಾಕ್ಸ್ ಮತ್ತು ಬ್ರೌಸಿಂಗ್ ಸೆಂಟರ್ ಇಟ್ಟಿದ್ದಾಳೆ. ನೋಟೀಸು ಪೂರ್ತಿ ಓದಿ ಹೇಳಿದವಳು ಅವಳೇ. ನನಗೆ ಅರ್ಥವಾದದ್ದಕ್ಕಿಂತ ಗಲಿಬಿಲಿಯಾದದ್ದೇ ಹೆಚ್ಚು.

ಕಳಿಸಿದ ಅಂಗಡಿಯವರು ಪೆಟ್ಟಿಗೆ ಮೇಲೆ "ಮರದ ಆಟಿಕೆ, ಒಂದು" ಅಂತ ಬರೆದು ಬೆಲೆ ತೀರಾ ಕಡಿಮೆ ತೋರಿಸಿದ್ದಾರಂತೆ. ಬಿಚ್ಚಿ ನೋಡಿದರೆ ಒಳಗೆ ಗಿಟಾರ್. ಅದಕ್ಕೇ ಹಿಡಿದಿಟ್ಟಿದ್ದಾರೆ. ನಿಜವಾದ ಬಿಲ್ಲು ಕೇಳಿದ್ದಾರೆ. ಪಾರ್ಸೆಲ್ ತರಿಸಿದವರ ಗುರುತಿನ ಚೀಟಿ, ಸಹಿ ಕೇಳಿದ್ದಾರೆ. "ಅವರು ಇಲ್ಲ ಅಂತ ಬರೀ" ಅಂದೆ. ತೇನ್ಮೊಳಿ ಹಾಗೇ ಬರೆದಳು. "ಹಾಗಾದರೆ ವಾಪಸ್ ಬಂದ ಮೇಲೆ ಸಹಿ ಮಾಡಲಿ" ಅಂತ ಉತ್ತರ ಬಂತು. ನಾವು ಬರೆದ ಇಂಗ್ಲಿಷ್ ಹಾಗಿತ್ತೋ ಏನೋ. ಇನ್ನೊಂದು ಸಲ, ತೀರಿಹೋಗಿದ್ದಾರೆ ಅಂತ ಬರೆಸಬೇಕಾಯಿತು. ಆ ಒಂದು ಸಾಲು ಬರೆಸಿ ಹೊರಗೆ ಬಂದು ಅಂಗಡಿ ಮುಂದೆ ಸುಮ್ಮನೆ ನಿಂತಿದ್ದೆ.

ಇನ್ನೊಂದು, ಯಾವ ಮರ ಅಂತ ಕೇಳಿದ್ದಾರೆ. ಬೀಟೆ ಇದೆಯೋ ಇಲ್ಲವೋ ಅಂತ.  ಇಲ್ಲಿ ಬೀಟೆಯ ಒಣ ಕೊಂಬೆ ಮನೆಗೆ ತಂದರೂ ಫಾರೆಸ್ಟಿನವರು ಬಾಗಿಲಿಗೆ ಬರುತ್ತಾರೆ. ಇವರು ಚೀನಾದಿಂದ ಬೀಟೆ ತರಿಸಿ ಸಿಕ್ಕಿಬಿದ್ದರೇ?

ಅವರು ಒಂದು ಫೋಟೋ ಕಳಿಸಿದ್ದಾರೆ. ನೀಲಿ ಬಣ್ಣದ ಹಲಗೆ. ಹೊಟ್ಟೆಯಲ್ಲಿ ತೂತೇ ಇಲ್ಲ. ನಿಮ್ಮ ಹಳೇ ಫೋಟೋ ಪಕ್ಕದಲ್ಲಿಟ್ಟು ನೋಡಿದೆ. ನಿಮ್ಮದರಲ್ಲಿ ತಿರುಗುಣಿಗಳು ಒಂದು ಪಕ್ಕ, ಇದರಲ್ಲಿ ಇನ್ನೊಂದು ಪಕ್ಕ. ಎಲ್ಲ ಉಲ್ಟಾ. ಅಗ್ಗದ ಸಾಮಾನು ಅಂತ ಕೆಟ್ಟದ್ದನ್ನು ದಾಟಿಸಿದ್ದಾರೆಯೇ? ನೀವು ನುಡಿಸುವವರು, ನಿಮಗೆ ತಿಳಿಯುತ್ತದೆ.

ವಸಂತಿ


ಕೂಕಲ್ತೊರೈ
27 ಮಾರ್ಚ್ 2025

ತಂಗಿ ವಸಂತಿಗೆ,

ಅಣ್ಣ ಅನ್ನಿ. ನಾನು ನುಡಿಸುವುದು ಬಿಟ್ಟು ಬಹಳ ವರ್ಷವಾಯಿತು. ಈಗ ಒಂದೂವರೆ ಎಕರೆ ಟೀ ಇದೆ, ಅದರ ಎಲೆ ಕೊಯ್ಲು ಅಷ್ಟೇ ನನ್ನ ವಿದ್ಯೆ. ಆದರೂ ಕೇಳಿದ್ದೀರಿ, ಹೇಳುತ್ತೇನೆ.

ಎಲೆಕ್ಟ್ರಿಕ್ ಗಿಟಾರಿಗೆ ಹೊಟ್ಟೆ ಬೇಡ. ತಂತಿಯ ಕೆಳಗೆ ಅಯಸ್ಕಾಂತದ ಪಟ್ಟಿ ಇರುತ್ತದೆ. ತಂತಿ ನಡುಗಿದ್ದನ್ನು ಅದು ಹಿಡಿದು ವೈರಿನ ಮೂಲಕ ಆಂಪ್ಲಿಫೈಯರಿಗೆ ಕಳಿಸುತ್ತದೆ. ಹಲಗೆಯಂತಿದ್ದರೆ ಅದು ದೋಷವಲ್ಲ, ಅದರ ಜಾತಿಯೇ ಹಾಗೆ. ನಮ್ಮ ಕಾಲದಲ್ಲಿ ಇಂಥದ್ದು ಕೊಳ್ಳಲು ಕೊಯಮತ್ತೂರಿಗೆ ಹೋಗಿ ಅಂಗಡಿಯ ಗಾಜಿನ ಹೊರಗೆ ನಿಂತು ನೋಡಿ ಬರುತ್ತಿದ್ದೆವು. ನಾನೂ ಅವನೂ. ಕೊನೆಗೆ ಕೂನೂರಿನ ಒಂದು ಲೈಟ್ ಮ್ಯೂಸಿಕ್ ತಂಡ ಮುಚ್ಚಿದಾಗ ಅವರ ಹಳೇ ಗಿಟಾರ್ ಸಿಕ್ಕಿತು. ಅವನು ತನ್ನ ಡ್ರಮ್ಮಿಗೆ ಅಂತ ಕೂಡಿಟ್ಟದ್ದನ್ನು ಅದಕ್ಕೆ ಕೊಟ್ಟ. ಈಗ ಫೋನಿನಲ್ಲಿ ಬೆರಳಿಟ್ಟರೆ ಚೀನಾದಿಂದ ಬರುತ್ತದೆ ಅಂದರೆ ನಂಬುವುದು ಕಷ್ಟ.

ಮರದ ವಿಷಯ: ಅಗ್ಗದ ಗಿಟಾರಿನ ಮೈ ಯಾವುದೋ ಹಗುರ ಮರ. ಕತ್ತಿನ ಮೇಲಿನ ಕಪ್ಪು ಪಟ್ಟಿ ಬೀಟೆ ಇದ್ದರೂ ಇರಬಹುದು, ಬಣ್ಣ ಹೊಡೆದದ್ದೂ ಇರಬಹುದು. "ನನಗೆ ತಿಳಿಯದು, ಅಂಗಡಿಯವರನ್ನು ಕೇಳಿ ತಿಳಿಸುತ್ತೇನೆ" ಅಂತಲೇ ಬರೆಸಿ. ಗೊತ್ತಿಲ್ಲದ್ದನ್ನು ಗೊತ್ತಿದೆ ಅಂತ ಸಹಿ ಹಾಕಬೇಡಿ. ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ಹೇಳಲಾಗದು.

ಉಲ್ಟಾ ಕಾಣುವುದು ಫೋಟೋದ ತಪ್ಪಿರಬೇಕು. ಕೆಲವು ಫೋನು ಕನ್ನಡಿಯಂತೆ ತಿರುಗಿಸಿ ತೋರಿಸುತ್ತವೆ. ಪೆಟ್ಟಿಗೆಯ ಮೇಲಿನ ಅಕ್ಷರಗಳೂ ತಿರುಗಿವೆಯೇ ನೋಡಲು ಹೇಳಿ.

ಇಷ್ಟು ಉದ್ದ ಬರೆಯಬೇಕು ಅಂತಿರಲಿಲ್ಲ.

ಗೋಪಾಲನ್


ಮಸಿನಗುಡಿ
5 ಏಪ್ರಿಲ್ 2025

ಗೋಪಾಲಣ್ಣನಿಗೆ,

ಅಕ್ಷರ ನೆಟ್ಟಗಿವೆ. ಗಿಟಾರೇ ಉಲ್ಟಾ.

ಇವರ ಫೋನ್ ಬೀಗ ಬಿಚ್ಚಿತು. ಜೀಪಿನ ನಂಬರ್ ಹಾಕಿ ನೋಡೋಣ ಅಂದಳು ತೇನ್ಮೊಳಿ, ಅದೇ ಆಗಿತ್ತು. ಬಿಲ್ಲು ಸಿಕ್ಕಿತು. ಡಿಸೆಂಬರ್ ಹದಿನೆಂಟಕ್ಕೆ ಆರ್ಡರ್ ಮಾಡಿದ್ದಾರೆ. ಬಿಲ್ಲಿನಲ್ಲೇ ಇದೆ, ಎಡಗೈ ಗಿಟಾರ್ ಅಂತ. ಅಂಗಡಿಯವನು ಇವರನ್ನು ಕೇಳಿದ್ದಾನೆ: ಇದು ಎಡಗೈಯವರಿಗೆ, ಆಮೇಲೆ ಬದಲಿಸಿಕೊಡಲಾಗದು, ನೋಡಿ ಹೇಳಿ. ಇವರು ಉತ್ತರ ಕೊಟ್ಟಿದ್ದಾರೆ: "ಎಡಗೈ." ಐದು ನಿಮಿಷ ಬಿಟ್ಟು ಮತ್ತೆ: "ಹೌದು. ಎಡಗೈಯದೇ." ಇಂಥದ್ದು ನಮ್ಮ ಕಡೆ ಅಂಗಡಿಗಳಲ್ಲಿ ಸಿಗುವುದಿಲ್ಲ ಅಂತಲೂ ಬರೆದಿದ್ದಾರೆ.

ಇವರು ಎಡಗೈಯವರಲ್ಲ. ಊಟ, ಬರವಣಿಗೆ ಎಲ್ಲ ಬಲಗೈ. ಗೇರ್ ಹಾಕೋದು ಬಿಟ್ಟರೆ ಎಡಗೈಗೆ ಕೆಲಸವೇ ಇರಲಿಲ್ಲ. ಹಾಗಾದರೆ ಯಾರಿಗೆ? ನೀವೇನಾದರೂ ಎಡಗೈಯವರೇ? ಫೋಟೋದಲ್ಲಿ ಹಾಗೆ ಕಾಣುವುದಿಲ್ಲ.

ನಾನು ವಾರಸುದಾರಳು ಅಂತ ಸರ್ಟಿಫಿಕೇಟ್ ಬೇಕಂತೆ. ಅದಕ್ಕೆ ಊಟಿಗೆ ಓಡಾಡುತ್ತಿದ್ದೇನೆ. ಕಲ್ಹಟ್ಟಿ ಘಾಟಿನ ತಿರುವುಗಳಲ್ಲಿ ಎರಡು ಸಲ ವಾಂತಿ ಮಾಡಿಕೊಂಡೆ. ನಾನು ಕೆಲಸ ಮಾಡುವ ರೆಸಾರ್ಟಿನ ಅಡುಗೆಮನೆಯಲ್ಲಿ ರಜೆ ಕೇಳಿದರೆ "ಗಿಟಾರ್ ಬಿಡಿಸೋಕಾ?" ಅಂತ ನಗುತ್ತಾರೆ. ನಗಲಿ. ನೀವು ಬೇಗ ಬರೆಯಿರಿ.

ವಸಂತಿ


ಮಸಿನಗುಡಿ
2 ಮೇ 2025

ಗೋಪಾಲಣ್ಣನಿಗೆ,

ನಾಲ್ಕು ವಾರವಾಯಿತು, ಕಾಗದವಿಲ್ಲ. ಹುಷಾರಿದ್ದೀರಿ ತಾನೆ? ನಾನು ಬರೆದದ್ದರಲ್ಲಿ ಏನಾದರೂ ತಪ್ಪಾಗಿ ಕಂಡಿತೇ?

ಮೇ ಹನ್ನೆರಡರೊಳಗೆ ಎಲ್ಲ ಕಾಗದ ತಲುಪದಿದ್ದರೆ ಪಾರ್ಸೆಲ್ ವಾಪಸ್ ಅಂತ ಕಸ್ಟಮ್ಸ್‌ನವರು ಬರೆದಿದ್ದಾರೆ. ಸರ್ಟಿಫಿಕೇಟ್ ಬಂದಿದೆ. ಸುಂಕ ಗಿಟಾರಿನ ಬೆಲೆಯ ಹತ್ತಿರಕ್ಕೇ ಬಂದಿದೆ. ಕಟ್ಟಲೇ, ಬಿಡಲೇ? ಕೇಳಲು ನನಗೆ ಬೇರೆ ಯಾರೂ ಇಲ್ಲ.

ವಸಂತಿ


ಕೂಕಲ್ತೊರೈ
8 ಮೇ 2025

ತಂಗಿ ವಸಂತಿಗೆ,

ಬಿಡಿಸಬೇಡಿ. ಅದು ನನಗಾಗಿ ತರಿಸಿದ್ದು. ನಾನು ಅದಕ್ಕೆ ಅರ್ಹನಲ್ಲ.

ನಿಮ್ಮ ಏಪ್ರಿಲ್ ಕಾಗದ ಓದಿದ ದಿನವೇ ತಿಳಿಯಿತು. ಬರೆಯಲು ಧೈರ್ಯ ಬರಲಿಲ್ಲ. ನನ್ನ ಎಡಗೈಯಲ್ಲಿ ಮೂರು ಬೆರಳಿಲ್ಲ. ಹೆಬ್ಬೆರಳು, ತೋರುಬೆರಳು ಮಾತ್ರ ಇವೆ. ಗಿಟಾರಿನ ತಂತಿ ಒತ್ತುವುದು ಎಡಗೈಯಲ್ಲಿ. ಅದು ಹೋದ ಮೇಲೆ ನುಡಿಸುವುದೂ ಹೋಯಿತು. ಎಡಗೈಯವರ ಗಿಟಾರ್ ಆದರೆ ಬಲಗೈಯಲ್ಲಿ ಒತ್ತಬಹುದು, ಎಡಗೈಯಲ್ಲಿ ಮೀಟಬಹುದು. ಮೀಟಲು ಎರಡು ಬೆರಳು ಸಾಕು. ಇಷ್ಟು ವರ್ಷ ನನಗೇ ಹೊಳೆಯದ ವಿಷಯ ಅವನಿಗೆ ಹೊಳೆದಿದೆ.

2003ರ ಜೂನ್. ನಾವಿಬ್ಬರೂ ಹುಬ್ಬತಲೈ ಹತ್ತಿರದ ಟೀ ಫ್ಯಾಕ್ಟರಿಯಲ್ಲಿದ್ದೆವು. ಎಲೆ ಅರೆಯುವ ಮೆಷಿನ್ನು ನನ್ನದು, ಸ್ವಿಚ್ಚು ಅವನದು. ಬೆಳಗಿನ ಶಿಫ್ಟಿನಲ್ಲಿ ಎಲೆ ಸಿಕ್ಕಿಕೊಂಡಿತು. ನಿಲ್ಲಿಸಿದ. ನಾನು ಕೈ ಹಾಕಿ ತೆಗೆದೆ. "ಹಾಕು" ಅಂತ ಕೂಗಿದೆ. ಕೂಗಿದ ಮೇಲೆ ರೋಲರ್ ನಡುವೆ ಒಂದು ತಂತಿ ಚೂರು ಕಂಡಿತು. ಯೋಚಿಸದೆ ಮತ್ತೆ ಕೈ ಇಟ್ಟೆ. ಅಷ್ಟರಲ್ಲಿ ಅವನು ಹಾಕಿದ್ದ.

ಆಸ್ಪತ್ರೆಗೆ ಫ್ಯಾಕ್ಟರಿಯ ಮೇಲಿನವರು ಬಂದರು. "ನೀನು ಹಾಕು ಅಂದೆಯಾ?" ಅಂತ ಕೇಳಿದರು. ಅಂದೆ ಅಂದರೆ ತಪ್ಪು ನನ್ನದಾಗುತ್ತದೆ, ಪರಿಹಾರವಿಲ್ಲ, ಕೈಯೂ ಇಲ್ಲ. "ಇಲ್ಲ, ಅವನೇ ಹಾಕಿದ" ಅಂದೆ. ಅವನನ್ನು ಆ ವಾರವೇ ತೆಗೆದರು. ಜೊತೆಗಾರನ ಕೈ ಕಡಿದವನು ಅಂತ ಊರು ಹೆಸರಿಟ್ಟಿತು. ಅವನ ಅಪ್ಪ ಮಾತು ಬಿಟ್ಟರು. ಅಣ್ಣ ಜಯರಾಮನ್ ಬಾಗಿಲು ಹಾಕಿದ.

ಅವನು ಒಮ್ಮೆ ನನ್ನಲ್ಲಿಗೆ ಬಂದಿದ್ದ. ಜಗಳಕ್ಕಲ್ಲ. "ಗೋಪಾಲಾ, ನೀನು ಹಾಕು ಅಂದದ್ದು ನನಗೆ ಕೇಳಿಸಿತ್ತಲ್ಲ. ನಿಜ ಹೇಳು, ಅಂದೆಯಾ ಇಲ್ಲವಾ?" ಅಂದ. ಪಕ್ಕದಲ್ಲಿ ನಮ್ಮ ಮನೆಯವರೆಲ್ಲ ಇದ್ದರು. "ಇಲ್ಲ" ಅಂದೆ. ಅವನು "ಹಾಗಾದರೆ ನನ್ನ ಕಿವಿಯದೇ ತಪ್ಪು" ಅಂದು ಹೊರಟುಹೋದ. ನಮ್ಮ ಕೊನೆಯ ಮಾತು ಅದೇ.

ಮಾಡದ ತಪ್ಪಿಗೆ ಅವನು ಪ್ರಾಯಶ್ಚಿತ್ತ ಮಾಡಿದ್ದಾನೆ. ಪಾರ್ಸೆಲ್ ವಾಪಸ್ ಹೋಗಲಿ.

ಗೋಪಾಲನ್


ಮಸಿನಗುಡಿ
30 ಮೇ 2025

ಗೋಪಾಲನ್ ಅವರಿಗೆ,

ನಿಮ್ಮ ಕಾಗದ ಬರುವ ಹೊತ್ತಿಗೆ ನಾನು ಸುಂಕ ಕಟ್ಟಿ ಕಾಗದಪತ್ರ ಕಳಿಸಿ ಆಗಿತ್ತು. ಬಿಡಿಸಬೇಕೋ ಬೇಡವೋ ಅಂತ ಇನ್ನು ನೀವು ಹೇಳಬೇಕಾಗಿಲ್ಲ.

ಮೂರು ವಾರ ಬರೆಯಲಿಲ್ಲ. ಬರೆದಿದ್ದರೆ ಬರೀ ಬೈಗುಳವಿರುತ್ತಿತ್ತು.

ನನ್ನ ಗಂಡ ಏನು ಹೇಳಿದರೂ ಎರಡು ಸಲ ಕೇಳುತ್ತಿದ್ದರು. "ಉಪ್ಪು ತನ್ನಿ" ಅಂದರೆ ಬಾಗಿಲವರೆಗೆ ಹೋಗಿ ತಿರುಗಿ ಬಂದು "ಉಪ್ಪು ಅಂದೆಯಲ್ಲ?" ಅನ್ನುತ್ತಿದ್ದರು. ಜೀಪಿನವರು ಹೋಗೋಣ ಅಂದರೆ "ಹೋಗೋಣ ಅಂದಿರಾ ಸಾರ್?" ಅನ್ನದೆ ಗಾಡಿ ತೆಗೆಯುತ್ತಿರಲಿಲ್ಲ. ಕಿವುಡ ಅಂತ ನಾನೇ ಎಷ್ಟು ಸಲ ರೇಗಿಸಿದ್ದೇನೆ. ಊಟಿಯ ಕಿವಿ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಕಿವಿ ಸರಿಯಾಗಿದೆ, ಎರಡೂ ಚೆನ್ನಾಗಿ ಕೇಳುತ್ತವೆ ಅಂದರು. ಅದನ್ನು ಕೇಳಿ ಇವರು ಡಾಕ್ಟರನ್ನೇ ಕೇಳಿದರು, "ಸರಿಯಾಗಿದೆ ಅಂದಿರಾ?" ಅಂತ. ನಾನು ನಕ್ಕುಬಿಟ್ಟೆ.  ನಿಮ್ಮ ಒಂದು "ಇಲ್ಲ" ಹದಿನೆಂಟು ವರ್ಷ ನನ್ನ ಮನೆಯಲ್ಲಿ ಓಡಾಡಿಕೊಂಡಿತ್ತು. ಅದು ನನಗೆ ಗೊತ್ತೇ ಇರಲಿಲ್ಲ.

ಇನ್ನೊಂದು ಮಾತು. ಅದು ನಿಮಗಾಗಿ ತರಿಸಿದ್ದು ಅಂತ ಅಷ್ಟು ಖಚಿತವಾಗಿ ಹೇಗೆ ಬರೆದಿರಿ? ನಾನು ಎಡಗೈಯವಳು. ತರಕಾರಿ ಹೆಚ್ಚುವುದು, ಹುಲ್ಲು ಕೊಯ್ಯುವುದು, ಈ ಕಾಗದ ಬರೆಯುತ್ತಿರುವುದು ಎಲ್ಲ ಎಡಗೈಯಲ್ಲಿ. ಹೋದ ವರ್ಷ ಫೋನ್ ನೋಡುತ್ತಾ "ಎಡಗೈಯವರಿಗೇ ಬೇರೆ ಗಿಟಾರ್ ಇರುತ್ತಂತೆ ವಸಂತಿ" ಅಂದಿದ್ದರು. ಚಿಕ್ಕವಳಿದ್ದಾಗ ಒಂದು ಮದುವೆಯಲ್ಲಿ ಗಿಟಾರ್ ಮುಟ್ಟಲು ಹೋಗಿ, ಎಡಗೈ ಅಂತ ಬೈಸಿಕೊಂಡ ಕತೆಯನ್ನು ನಾನು ಅವರಿಗೆ ಹೇಳಿದ್ದೆ. ಬಿಲ್ಲು ಓದಿದ ದಿನ ನನಗೇ ಇರಬಹುದು ಅಂತ ಆಸೆಪಟ್ಟೆ. ನಿಮಗೆ ಬರೆಯಲು ನಾಚಿಕೆಯಾಯಿತು. ಎಡಗೈಯವರು ಯಾರೂ ಇಲ್ಲ ಅಂತ ನೀವು ಬರೆದರೆ ಅದು ನನ್ನದೇ ಅಂತ ತೀರ್ಮಾನಿಸಿಕೊಳ್ಳಲು ಕಾಯುತ್ತಿದ್ದೆ.

ಈಗ ಏನೂ ತಿಳಿಯುತ್ತಿಲ್ಲ. ಕೇಳೋಣವೆಂದರೆ ಅವರಿಲ್ಲ.

ನನಗೆ ಬರೆದದ್ದನ್ನು ಹುಬ್ಬತಲೈಗೆ ಹೋಗಿ ಅವರ ಅಣ್ಣನ ಎದುರು ಬಾಯಿಬಿಟ್ಟು ಹೇಳಿ. ಅದಾಗದಿದ್ದರೆ ನನಗೆ ಬರೆಯಬೇಡಿ.

ವಸಂತಿ


ಕೂಕಲ್ತೊರೈ
9 ಜೂನ್ 2025

ವಸಂತಿಯವರಿಗೆ,

ನಿನ್ನೆ ಹೋಗಿದ್ದೆ.

ಗಿಟಾರ್ ನನಗೇ ಅಂದುಕೊಂಡದ್ದು ನನ್ನ ಅಹಂಕಾರ. ನೀವು ಎಡಗೈಯವರು ಅಂತ ನನಗೆ ತಿಳಿಯಲು ದಾರಿಯಿರಲಿಲ್ಲ, ನಿಜ. ಆದರೆ ಅವನಿಗೂ ಒಂದು ಮನೆ, ಹೆಂಡತಿ, ಅವಳಿಗೊಂದು ಆಸೆ ಇರುತ್ತದೆ ಅಂತ ನನಗೆ ಹೊಳೆಯಲೇ ಇಲ್ಲ. ಇಪ್ಪತ್ತೆರಡು ವರ್ಷ ಅವನು ಬರೀ ನನ್ನನ್ನೇ ನೆನೆಯುತ್ತಾ ಕೂತಿದ್ದಾನೆ ಅಂದುಕೊಂಡಿದ್ದೆ.

ಜಯರಾಮನ್ ಅಣ್ಣ ತೋಟದಿಂದ ಬಂದು ಎಲೆ ಮೂಟೆ ಕಟ್ಟುತ್ತಿದ್ದರು. ನನ್ನನ್ನು ಕಂಡು ಎದ್ದು ಬಂದು ಕೈ ಹಿಡಿದರು, ಈ ಕೈಯನ್ನೇ. "ನಮ್ಮವನಿಂದ ನಿನ್ನ ಬಾಳು ಹಾಳಾಯಿತು" ಅಂದರು. ಆ ಕ್ಷಣ ಓಡಿಹೋಗೋಣ ಅನ್ನಿಸಿತು.

"ಅಣ್ಣಾ, ಅವನದು ತಪ್ಪಿಲ್ಲ. ಹಾಕು ಅಂತ ಕೂಗಿದ್ದು ನಾನು" ಅಂದೆ.

ಕೈ ಬಿಟ್ಟರು. "ಏನಂದೆ?"

ಮತ್ತೆ ಹೇಳಿದೆ. ಅವರು ಹಗ್ಗ ಕಟ್ಟಿ ಮುಗಿಸಿದರು. ಆಮೇಲೆ ಒಳಗಿನಿಂದ ಹೆಂಡತಿಯನ್ನು, ಪಕ್ಕದ ಮನೆಗಳವರನ್ನು ಕರೆದರು. "ಈಗ ಇವರೆದುರು ಹೇಳು" ಅಂದರು. ಹೇಳಿದೆ. ಹಿಂದಿನಿಂದ ಯಾರೋ ಕೇಳಿಸಲಿಲ್ಲ ಅಂದರು. ಇನ್ನೊಮ್ಮೆ ಹೇಳಿದೆ. ಒಟ್ಟು ನಾಲ್ಕು ಸಲ.

"ನಾನು ಅವನ ಮಣ್ಣಿಗೂ ಹೋಗಲಿಲ್ಲವಲ್ಲೋ" ಅಂದರು ಜಯರಾಮನ್ ಅಣ್ಣ. ಬೈಯಲಿಲ್ಲ, ಹೊಡೆಯಲಿಲ್ಲ. ಅಷ್ಟೇ ಅಂದು ಮೂಟೆಯ ಮೇಲೆ ಕೂತುಬಿಟ್ಟರು. ಯಾರೂ ನನಗೆ ಕೂರು ಅನ್ನಲಿಲ್ಲ. ನಾನು ಬಸ್ಸಿಗೆ ನಡೆದೆ.

ಗಿಟಾರ್ ನಿಮ್ಮದೇ. ನಾನು ಇನ್ನು ಅದರ ಮಾತೆತ್ತುವುದಿಲ್ಲ.

ಗೋಪಾಲನ್


ಮಸಿನಗುಡಿ
24 ಜೂನ್ 2025

ಗೋಪಾಲಣ್ಣನಿಗೆ,

ಶುಕ್ರವಾರ ಪಾರ್ಸೆಲ್ ಬಂತು. ಕಸ್ಟಮ್ಸ್‌ನವರು ಬಿಚ್ಚಿ ಮತ್ತೆ ಅಂಟಿಸಿದ ಟೇಪು, ಅದರ ಮೇಲೆ ಸೀಲು. "ಮರದ ಆಟಿಕೆ" ಅಂತ ಬರೆದದ್ದನ್ನು ಕೆಂಪು ಗೆರೆ ಎಳೆದು ಹೊಡೆದುಹಾಕಿದ್ದರು. ತೇನ್ಮೊಳಿ ಅಂಗಡಿ ಮುಚ್ಚಿ ಬಂದಿದ್ದಳು ನೋಡಲು.

ಒಳಗೆ ಚೀಟಿ ಏನಾದರೂ ಇರುತ್ತದೇನೋ ಅಂತ ಪೂರ್ತಿ ಸುರಿದು ಹುಡುಕಿದೆ. ಯಾರ ಹೆಸರಾದರೂ. ಥರ್ಮಾಕೋಲಿನ ಪುಡಿ ಬಿಟ್ಟರೆ ಏನೂ ಇರಲಿಲ್ಲ. ಆ ಪುಡಿ ಇನ್ನೂ ಮನೆ ತುಂಬ ಹಾರುತ್ತಿದೆ.

ಹೆಗಲಿಗೆ ಹಾಕಿಕೊಂಡೆ. ಎಡಗೈ ತಾನಾಗಿ ತಂತಿಯ ಮೇಲೆ ಬಂದು ಕೂತಿತು. ಸರಿಯಾದ ಜಾಗಕ್ಕೆ ಬಂದಂತೆ. ಮೀಟಿದೆ. ಸೊಳ್ಳೆಯಷ್ಟು ಸದ್ದು. ಆದರೂ ಅತ್ತುಬಿಟ್ಟೆ. ಆಮೇಲೆ ನಿಮ್ಮ ಎರಡು ಬೆರಳು ಅದೇ ಜಾಗಕ್ಕೆ ಸರಿಯಾಗಿ ಬರುತ್ತವೆ ಅಂತ ನೆನಪಾಯಿತು. ಎರಡೂ ನಿಜ ಆಗಬಹುದೇ? ಅವರು ಒಂದೇ ಗಿಟಾರ್ ಕೊಳ್ಳುವಾಗ ಇಬ್ಬರನ್ನೂ ನೆನೆದಿರಬಹುದೇ? ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆ ಸಹಿ ಹಾಕಬೇಡಿ ಅಂತ ನೀವೇ ಬರೆದಿದ್ದಿರಿ.

ನಿನ್ನೆ ಜಯರಾಮನ್ ಭಾವ ಬಂದಿದ್ದರು. ಹದಿನೆಂಟು ವರ್ಷದಲ್ಲಿ ಮೊದಲ ಸಲ ಈ ಬಾಗಿಲಿಗೆ. ಅವರ ಹೆಂಡತಿಯೂ ಜೊತೆಗಿದ್ದರು. ಇವರ ಫೋಟೋ ಮುಂದೆ ನಿಂತು, ಊರಿನಲ್ಲಿ ಒಬ್ಬೊಬ್ಬರಿಗೂ ಹೇಳಿ ಬಂದಿದ್ದೇನೆ ಅಂತ ತಮ್ಮನಿಗೇ ಹೇಳುವ ಹಾಗೆ ಹೇಳಿದರು. ಹೋಗುವಾಗ "ಹುಬ್ಬತಲೈಯಲ್ಲಿ ಅವನ ಪಾಲಿನ ತೋಟ ಹಾಗೇ ಇದೆ, ಬಂದು ನೋಡಮ್ಮ" ಅಂದರು.  ಅವರ ಮೇಲೂ ನನಗೆ ಸಿಟ್ಟಿದೆ. ಎಷ್ಟು ಜನರ ಮೇಲೆ ಅಂತ ಸಿಟ್ಟು ಮಾಡಲಿ.

ನಿಮ್ಮನ್ನು ಕ್ಷಮಿಸಿದ್ದೇನೆ ಅಂತ ತಿಳಿಯಬೇಡಿ. ಆದರೆ ನೀವು ನಾಲ್ಕು ಸಲ ಹೇಳಿದಿರಿ. ಅದೂ ಲೆಕ್ಕಕ್ಕಿದೆ.

ಗಿಟಾರ್ ಈ ಮನೆಯಲ್ಲಿರುತ್ತದೆ. ನನಗೆ ಶ್ರುತಿ ಮಾಡಲು ಬರುವುದಿಲ್ಲ, ನಿಮಗೆ ಕೈ ಬದಲಿಸಿ ನುಡಿಸಲು ಬರುವುದಿಲ್ಲ. ಇಬ್ಬರೂ ಒಂದನೇ ಕ್ಲಾಸು. ಭಾನುವಾರ ನನಗೆ ರಜೆ. ಊಟಿಯಿಂದ ಬೆಳಿಗ್ಗೆ ಬಸ್ಸಿದೆ, ಕಿಟಕಿ ಪಕ್ಕ ಕೂರಿ, ತಿರುವುಗಳಲ್ಲಿ ತಲೆ ಸುತ್ತುತ್ತದೆ.

ದಾರಿಯಲ್ಲಿ ಏನೂ ತಿನ್ನಬೇಡಿ. ಅಡುಗೆ ಮಾಡಿರುತ್ತೇನೆ.

ವಸಂತಿ